ಹಳೆಯ ಪೇಟೆಯ ಬೀಗ ತೆರೆಯುವ ಕುರಿತು
(ಶತಮಾನೋತ್ಸವದ ಅಂಗವಾಗಿ ಜರುಗಿದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಗರ್ಜಿಯ ನೂರು ವರ್ಷಗಳ ಚರಿತ್ರೆಯನ್ನು ಹೇಳಲು ನಮಗಿಂತ ಅರ್ಹರಾದವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ತಮ್ಮನ್ನು ಇಗರ್ಜಿಯ ಮೆಟ್ಟಿಲಿಳಿಸಿ, ಕುಮಟೆಯ ಹಳೆಯ ಪೇಟೆಯತ್ತ ಕರೆದೊಯ್ಯಬಯಸುತ್ತೇವೆ. ಉತ್ಸವದ ದಿನ ಇದೆಂತಹ ವಿಷಯವೆಂದು ಕೆಲವರಿಗೆ ಅನ್ನಿಸೀತು. ಆದರೆ ನಮ್ಮ ಹಿರಿಯರಲ್ಲಿ ಅನೇಕರು ಬಡಗಿಗಳಾಗಿ, ದರ್ಜಿಗಳಾಗಿ, ಬೇಕರಿಯವರಾಗಿ ಅನ್ನ ಸಂಪಾದಿಸಿದ್ದು ಆ ಪೇಟೆಯಲ್ಲಿ. ಇಗರ್ಜಿಗೆ ಅವರಿತ್ತ ಕಾಣಿಕೆಯೂ ಅಲ್ಲಿಂದಲೇ ಬಂದದ್ದು.

ಒಂದು ಕಾಲಕ್ಕೆ ಕುಮಟೆಯ ಹೆಸರು ಇಂಗ್ಲೆಂಡಿನ ಹತ್ತಿ ವ್ಯಾಪಾರಿಗಳ ಬಾಯಲ್ಲಿತ್ತು. ವಿನೋದವೆಂದರೆ, ಹತ್ತಿ ಬೆಳೆಯುವ ಕಪ್ಪುಮಣ್ಣು ನಮ್ಮಲ್ಲಿಲ್ಲ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟವಿಳಿದು ಇಲ್ಲಿಗೆ ಬರುತ್ತಿತ್ತು. ಇಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಹಡಗೇರಿದ ಬಂದರಿನ ಹೆಸರೇ ಸರಕಿಗೂ ಅಂಟಿಕೊಂಡು, ಅದು ‘ಕುಮಟಾ ಹತ್ತಿ’ಯಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ, ಲಂಕಾಶೈರಿನ ಗಿರಣಿಗಳ ಕಣ್ಣು ಈ ಕರಾವಳಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರಲ್ಲಿಯೂ ಹತ್ತಿಯ ಸಾಗಣೆಯ ಪ್ರಶ್ನೆಯೇ ಪ್ರಧಾನವಾಗಿತ್ತು. ಗಾಡಿಗಳು ಬಂದಲ್ಲಿ ಕಮ್ಮಾರ ಬೇಕು, ಬಡಗಿ ಬೇಕು, ಊಟದ ಮನೆ ಬೇಕು. ಪೇಟೆ ಬೆಳೆದದ್ದು ಹಾಗೆ.

1880ರ ದಶಕದ ಕೊನೆಗೆ ರೈಲುದಾರಿ ಧಾರವಾಡ ಸೀಮೆಯನ್ನು ಮಾರ್ಮಗೋವಾ ಬಂದರಿಗೆ ಜೋಡಿಸಿತು. ಹತ್ತಿ ಆ ದಾರಿ ಹಿಡಿಯಿತು. ಮುಂದೆ ಬಸ್ಸು ಲಾರಿಗಳು ಬಂದು ವ್ಯಾಪಾರ ಹೆದ್ದಾರಿಯ ಬದಿಗೆ ಸರಿಯಿತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡಿತು. ಪೇಟೆಯವರ ಸೋಮಾರಿತನದಿಂದ ಪೇಟೆ ಕೆಟ್ಟಿತೆಂಬ ಮಾತನ್ನು ನಾವು ಒಪ್ಪುವುದಿಲ್ಲ. ದಾರಿ ಬದಲಾಯಿತು, ಅಷ್ಟೇ.

ಆದರೆ ಇಂದಿನ ಬೀಗಗಳಿಗೆ ರೈಲನ್ನು ದೂರುವಂತಿಲ್ಲ. ಕೆಳಗೆ ಅಂಗಡಿ, ಮೇಲೆ ಮರದ ಅಟ್ಟ, ಅದರ ಮೇಲೆ ಹಂಚಿನ ಮಾಡು ಇರುವ ಮನೆಗಳು ಮುಚ್ಚಿ ನಿಂತಿವೆ. ನಾಲ್ವರು ಅಣ್ಣತಮ್ಮಂದಿರಲ್ಲಿ ಒಬ್ಬ ಮುಂಬಯಿಯಲ್ಲಿ, ಇಬ್ಬರು ಕೊಲ್ಲಿ ದೇಶಗಳಲ್ಲಿ, ಒಬ್ಬ ಊರಲ್ಲಿ. ಪಾಲುಪತ್ರವಾಗಿಲ್ಲ. ಊರಲ್ಲಿರುವವನು ಹಂಚು ಬದಲಿಸಿದರೆ ಮನೆ ಕಬಳಿಸಲು ಹೊರಟನೆಂಬ ಗುಮಾನಿ. ಬದಲಿಸದಿದ್ದರೆ ಒಂದು ಒಡೆದ ಹಂಚಿನಿಂದಿಳಿದ ನೀರು ಮೂರು ಮಳೆಗಾಲದಲ್ಲಿ ತೊಲೆಯನ್ನು ತಿಂದು ಹಾಕುತ್ತದೆ. ಇದು ಅನ್ಯರ ಕಥೆಯಲ್ಲ. ನಮ್ಮ ಧರ್ಮಕೇಂದ್ರದ ಮನೆಗಳಲ್ಲಿಯೂ ಇದೇ ನಡೆದಿದೆ, ಮತ್ತು ಒಂದೇ ಪೀಠದ ಮುಂದೆ ಮೊಣಕಾಲೂರುವವರು ಇದೇ ಕಾರಣಕ್ಕೆ ಪರಸ್ಪರ ಮಾತು ಬಿಟ್ಟಿದ್ದಾರೆ.

ಸಂತ ಪೌಲರು ಕೊರಿಂಥ ಪಟ್ಟಣದಲ್ಲಿ ಇಳಿದುಕೊಂಡದ್ದು ಯಾವ ಅರಮನೆಯಲ್ಲಿ? ಗುಡಾರ ಹೊಲಿಯುವ ಅಕ್ವಿಲ ಮತ್ತು ಪ್ರಿಸ್ಕಿಲರ ಮನೆಯಲ್ಲಿ. ಅದೇ ಕಸುಬನ್ನು ಅವರೊಡನೆ ಮಾಡುತ್ತ. ಅದೂ ಬಂದರುಗಳ ವ್ಯಾಪಾರದಿಂದ ಬದುಕಿದ ಊರೇ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಪ್ರಕೃತಿಯಂತೆಯೇ ಚಾರಿತ್ರಿಕ ಮತ್ತು ಸಾಂಸ್ಕೃತಿಕ ಸಂಪತ್ತಿಗೂ ಅಪಾಯ ಒದಗಿದೆಯೆಂದು ಎಚ್ಚರಿಸಿರುವುದನ್ನೂ ಇಲ್ಲಿ ಸ್ಮರಿಸುತ್ತೇವೆ.

ಪಣಜಿಯ ಫೊಂಟೈನ್ಹಾಸ್ ಕೇರಿಯನ್ನು ತಮ್ಮಲ್ಲಿ ಹಲವರು ಕಂಡಿದ್ದೀರಿ. ಹಳೆಯ ಮನೆಗಳು ಬಣ್ಣ ಬಳಿದುಕೊಂಡು ನಿಂತಿವೆ. ಕೆಲವು ವಸತಿಗೃಹಗಳಾಗಿವೆ, ಕೆಲವು ಬೇಕರಿಗಳಾಗಿ ಉಳಿದಿವೆ. ಆದರೆ ಬಾಗಿಲಲ್ಲಿ ನಿಂತು ಫೋಟೋ ತೆಗೆಯುವವರ ಕಾಟದಿಂದ ಅಲ್ಲಿಯ ನಿವಾಸಿಗಳು ಬೇಸತ್ತಿದ್ದಾರೆ. ಕುಮಟೆಯ ಪೇಟೆ ಗೋಕರ್ಣದ ದಾರಿಯಲ್ಲಿ ಹೋಗುವವರಿಗೆ ಒಂದು ಪ್ರದರ್ಶನವಾಗಬೇಕೆಂದು ನಾವು ಕೇಳುತ್ತಿಲ್ಲ. ಅಟ್ಟದ ಮೇಲೆ ಜನ ವಾಸವಿರಬೇಕು, ಕೆಳಗೆ ವ್ಯಾಪಾರವಿರಬೇಕು, ಸಂಜೆ ದೀಪ ಉರಿಯಬೇಕು.

ಕಡಿದಾದ ಏಣಿಮೆಟ್ಟಿಲು ವೃದ್ಧರಿಗೆ ಕಷ್ಟವೆಂಬುದು ನಿಜ. ಸೋರುವ ಮಾಡಿನ ಕೆಳಗೆ ಸೊಸೆಯಂದಿರು ಸಂಸಾರ ಮಾಡಲಾರರೆಂಬುದೂ ನಿಜ. ಎಲ್ಲ ಮನೆಗಳೂ ಉಳಿಯಲಾರವು. ಆದರೆ ಕೆಡವಿ ಕಾಂಕ್ರೀಟು ಎಬ್ಬಿಸುವ ಮುನ್ನ ಬಡಗಿಯೊಬ್ಬನನ್ನು ಕರೆದು ತೊಲೆಗಳನ್ನು ತಟ್ಟಿಸಿ ನೋಡಿರೆಂಬುದೇ ನಮ್ಮ ಬಿನ್ನಹ. ಅನೇಕ ಕಡೆ ಕೆಟ್ಟಿರುವುದು ತುದಿ ಮಾತ್ರ. ಒಳಮರ ಇನ್ನೂ ಗಟ್ಟಿಯಾಗಿದೆ. ಹೊಲಿಗೆ ಕಲಿತು ಯಂತ್ರವಿಡಲು ಜಾಗವಿಲ್ಲದೆ ಕುಳಿತಿರುವ ನಮ್ಮ ಹೆಣ್ಣುಮಕ್ಕಳಿಗೆ ಅಂತಹ ಒಂದು ಕೋಣೆ ಅಲ್ಪ ಬಾಡಿಗೆಗೆ ದೊರೆತರೂ ಸಾಕು.

ಉತ್ಸವಕ್ಕೆಂದು ಮುಂಬಯಿ ಮತ್ತು ಕೊಲ್ಲಿ ದೇಶಗಳಿಂದ ಬಂದವರು ಇನ್ನೂ ಒಂದು ವಾರ ಊರಲ್ಲಿರುತ್ತೀರಿ. ಇಷ್ಟು ಮಂದಿ ಅಣ್ಣತಮ್ಮಂದಿರು ಒಟ್ಟಿಗೆ ಸೇರುವುದು ಇನ್ನೆಂದೋ ತಿಳಿಯದು. ಬರುವ ಭಾನುವಾರ ಎರಡನೆಯ ಪೂಜೆಯ ತರುವಾಯ ನಾವು ಕೆಲವರು ಪೇಟೆಯಲ್ಲಿ ನಡೆದು ಬರಲಿದ್ದೇವೆ. ಬೀಗದಕೈ ಯಾರ ಬಳಿಯಿದೆಯೋ ಅವರು ದಯವಿಟ್ಟು ತೆಗೆದುಕೊಂಡು ಬನ್ನಿ. ತಮ್ಮಂದಿರನ್ನೂ ಜೊತೆಗೆ ಕರೆತನ್ನಿ.