ಬೆನ್ನು ತಟ್ಟುವ ಕೈ



ಕ್ರೈಸ್ತರ ಸೇವಾಕಾರ್ಯದಲ್ಲಿ ಪ್ರೋತ್ಸಾಹಕ್ಕೆ ಎಂಥ ಸ್ಥಾನವೆಂಬುದನ್ನು ಕುರಿತು ಮಾತನಾಡಲು ನಮಗೆ ಅಪ್ಪಣೆಯಾಗಿದೆ. ಬೈಬಲಿನಲ್ಲಿ ಬಾರ್ನಬನೆಂಬವನಿದ್ದಾನೆ. ಎಲ್ಲರೂ ಸಂಶಯದಿಂದ ನೋಡುತ್ತಿದ್ದ ಪೌಲನನ್ನು ಅಪೊಸ್ತಲರ ಬಳಿಗೆ ಕರೆತಂದವನು ಅವನೇ. ಅಷ್ಟು ದೂರವೇಕೆ, ನಮ್ಮ ಮಂಗಳೂರಿಗೇ ಬರೋಣ.

ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದುದು ತಮಗೆಲ್ಲ ತಿಳಿದದ್ದೇ. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚುಹಾಕಿಸಬೇಕೆಂಬ ಹಂಬಲವೂ ಅವರಿಗಿತ್ತು, ಹಣವಿರಲಿಲ್ಲ. ಆಗ ಖರ್ಚು ವಹಿಸಿದವರು ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. 1848ರಿಂದ ಮುಂದಕ್ಕೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಹೊರಬಂದವು. ಒಂದಾದರೂ ಕ್ರೈಸ್ತ ಗ್ರಂಥವಲ್ಲ! ಆದರೂ ಆ ಗೃಹಸ್ಥರು ಗಂಟು ಬಿಚ್ಚಿದರು. ಅದೇ ಹಾದಿಯಲ್ಲಿ ನಡೆದ ಕಿಟೆಲರ ನಿಘಂಟು 1894ರಲ್ಲಿ ಪ್ರಕಟವಾಯಿತು. ಕಿಟೆಲರ ಹೆಸರು ಮಕ್ಕಳಿಗೂ ಗೊತ್ತು. ನ್ಯಾಯಾಧೀಶರ ಹೆಸರನ್ನು ಇಲ್ಲಿ ಎಷ್ಟು ಮಂದಿ ಕೇಳಿದ್ದೀರಿ?

ನಮ್ಮದೊಂದು ತಪ್ಪನ್ನೂ ಹೇಳಿಬಿಡುತ್ತೇವೆ. ಡೊಂಬಿವಲಿಯ ಹುಡುಗನೊಬ್ಬ, ಮರಾಠಿ ಶಾಲೆಯಲ್ಲಿ ಓದಿದವ, ಕನ್ನಡದಲ್ಲಿ ಲೇಖನ ಬರೆದು ತಂದಿದ್ದ. ವಿಷಯ ಚೆನ್ನಾಗಿತ್ತು. ನಾವು ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಶಾಯಿ ಹಾಕಿ ಹಿಂದಿರುಗಿಸಿದೆವು; ಮೆಚ್ಚುಗೆಯ ಒಂದಕ್ಷರ ಬರೆಯಲಿಲ್ಲ. ಅವನು ಮತ್ತೆ ಈ ಮೆಟ್ಟಿಲು ಹತ್ತಲಿಲ್ಲ. ಈಗ ಕಲ್ಯಾಣದಲ್ಲಿದ್ದಾನಂತೆ. ಬರುವ ರವಿವಾರ ಅವನ ಮನೆಗೆ ಹೋಗುವವರಿದ್ದೇವೆ. ಆ ಕಾಗದ ಇನ್ನೂ ಉಳಿದಿದ್ದರೆ, ಕೇಳಿ ತರುತ್ತೇವೆ.