ಪಾರ್ಸೆಲ್ ಹೊರಡುವ ಮುನ್ನ

ಆನ್‌ಲೈನ್ ವ್ಯಾಪಾರದ ಮಾತು ಬಂದಾಗಲೆಲ್ಲ ಕೇಳುಗರು ಎತ್ತುವ ಅಳಲು ಒಂದೇ. ಗಿರಾಕಿ ಉತ್ಸಾಹದಿಂದ ಆರ್ಡರ್ ಹಾಕುತ್ತಾರೆ, ಮಾರನೆಯ ದಿನ ‘ಬೇಡ’ ಎನ್ನುತ್ತಾರೆ. ಇಳಕಲ್ ಸೀರೆ ಮಾರುವವರದೂ ಇದೇ ದೂರು, ಶಿರಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುವವರದೂ ಇದೇ ದೂರು. ಹಲವರು ಇದನ್ನು ಅವಮಾನವೆಂದೇ ಎಣಿಸುತ್ತಾರೆ. ಕೆಲವರಂತೂ ಸಿಟ್ಟಿನಲ್ಲಿ ಆ ಗಿರಾಕಿಯ ನಂಬರನ್ನೇ ಬ್ಲಾಕ್ ಮಾಡಿಬಿಡುತ್ತಾರೆ.

ಸಿಟ್ಟು ಮಾಡಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಅವರು ‘ಬೇಡ’ ಎಂದದ್ದು ಯಾವಾಗ? ಪಾರ್ಸೆಲ್ ಇನ್ನೂ ಮನೆಯಲ್ಲೇ ಇದ್ದಾಗ ರದ್ದಾದ ಆರ್ಡರಿನಿಂದ ಮಾರುವವರ ಕೈಯಿಂದ ಹೋಗುವುದು ಏನೂ ಇಲ್ಲ. ಸೀರೆ ಕಪಾಟಿನಲ್ಲೇ ಇದೆ, ಇನ್ನೊಬ್ಬರಿಗೆ ಮಾರಬಹುದು. ಪಾರ್ಸೆಲ್ ಹೊರಟ ಮೇಲೆ ‘ಬೇಡ’ ಎಂದರೆ ಆಗ ಲೆಕ್ಕವೇ ಬೇರೆ.

ಆ ಲೆಕ್ಕವನ್ನು ಬಿಡಿಸಿಯೇ ನೋಡೋಣ. ಒಂದು ಸೀರೆಯಿಂದ ಉಳಿಯುವ ಲಾಭ 220 ರೂಪಾಯಿ ಎಂದಿಟ್ಟುಕೊಳ್ಳೋಣ. ಕೊರಿಯರ್‌ಗೆ ಹೋಗುವಾಗ 90, ಗಿರಾಕಿ ಬಾಗಿಲಲ್ಲೇ ನಿರಾಕರಿಸಿದರೆ ವಾಪಸ್ ಬರುವಾಗ ಮತ್ತೆ 90, ಡಬ್ಬಿ ಮತ್ತು ಟೇಪಿಗೆ 25. ಒಟ್ಟು 205. ಅಂದರೆ ಒಂದು ಸೀರೆ ತಿರುಗಿ ಬಂದರೆ, ಮಾರಿಹೋದ ಇನ್ನೊಂದು ಸೀರೆಯ ಲಾಭ ಹೆಚ್ಚುಕಡಿಮೆ ಪೂರ್ತಿ ಅದಕ್ಕೇ ಹೋಯಿತು. ಗಿರಾಕಿಯ ಜೇಬಿನಿಂದ ಒಂದು ಪೈಸೆಯೂ ಹೋಗಿಲ್ಲ. ಕೊರಿಯರ್‌ನವರಿಗೆ ಎರಡು ಬಾಡಿಗೆ ಸಿಕ್ಕಿದೆ. ಮಾರಿದವರು ಮಾತ್ರ ಎರಡೂ ಕಡೆಯ ಬಾಡಿಗೆ ತೆತ್ತಿದ್ದಾರೆ. ಈ ವ್ಯಾಪಾರದಲ್ಲಿರುವವರು ಹೀಗೆ ಪಾರ್ಸೆಲ್ ತಿರುಗಿ ಬರುವುದನ್ನು ಆರ್‌ಟಿಓ (ರಿಟರ್ನ್ ಟು ಒರಿಜಿನ್) ಎನ್ನುತ್ತಾರೆ. ಹೊಸದಾಗಿ ಅಂಗಡಿ ತೆರೆದವರನ್ನು ಮುಳುಗಿಸುವುದು ಇದೇ.

ಹಗುರವಾದ ಆದರೆ ದೊಡ್ಡ ಗಾತ್ರದ ಸಾಮಾನಾದರೆ ಪೆಟ್ಟು ಇನ್ನೂ ಜೋರು. ಚನ್ನಪಟ್ಟಣದ ಮರದ ಕುದುರೆಯೊಂದರ ಡಬ್ಬಿ 50 ಸೆಂಟಿಮೀಟರ್ ಉದ್ದ, 40 ಅಗಲ, 30 ಎತ್ತರ ಇದೆ ಎನ್ನೋಣ. ಮೂರನ್ನೂ ಗುಣಿಸಿದರೆ 60,000. ಅದನ್ನು 5,000ದಿಂದ ಭಾಗಿಸುವುದು ಕೊರಿಯರ್ ಕಂಪನಿಗಳಲ್ಲಿ ಸಾಮಾನ್ಯ ಪದ್ಧತಿ. ಬಂದದ್ದು 12. ಕುದುರೆಯ ನಿಜವಾದ ತೂಕ 4 ಕಿಲೋ ಇದ್ದರೂ ಬಾಡಿಗೆ 12 ಕಿಲೋಗೆ. ಹೋಗುವಾಗ 12 ಕಿಲೋ, ಬರುವಾಗಲೂ 12 ಕಿಲೋ. ತಕ್ಕಡಿಯ ತೂಕ ನೋಡಿ ಬೆಲೆ ಕಟ್ಟಿದವರು ಇಲ್ಲೇ ಎಡವುತ್ತಾರೆ. ಇದಲ್ಲದೆ, ಪಾರ್ಸೆಲ್ ದಾರಿಯಲ್ಲಿರುವಷ್ಟು ದಿನ ಸರಕು ಕೈಯಲ್ಲಿರುವುದಿಲ್ಲ. ದೀಪಾವಳಿಗೆಂದು ಹೊರಟ ಸೀರೆ ಹಬ್ಬ ಕಳೆದ ಮೇಲೆ ತಿರುಗಿ ಬಂದರೆ ಅದನ್ನು ಕೊಳ್ಳುವವರು ಯಾರು?

ಇದು ಇಂಟರ್‌ನೆಟ್ಟು ತಂದ ರೋಗವೂ ಅಲ್ಲ. ಹಣ ತೆತ್ತು ಪಾರ್ಸೆಲ್ ಬಿಡಿಸಿಕೊಳ್ಳುವ ವಿ.ಪಿ.ಪಿ. ಪದ್ಧತಿ ನಮ್ಮ ಅಂಚೆಯಲ್ಲಿ 1870ರ ದಶಕದಲ್ಲೇ ಬಂದಿತ್ತು. ಕನ್ನಡ ಪುಸ್ತಕ ಪ್ರಕಾಶಕರು ಊರೂರಿಗೆ ವಿ.ಪಿ.ಪಿ. ಕಳಿಸಿ, ಬಿಡಿಸಿಕೊಳ್ಳದೆ ವಾಪಸ್ ಬಂದ ಕಟ್ಟುಗಳನ್ನು ಎದುರಿಸಿದ್ದಾರೆ. 2010ರಲ್ಲಿ ಫ್ಲಿಪ್‌ಕಾರ್ಟ್ ಕ್ಯಾಶ್ ಆನ್ ಡೆಲಿವರಿ ಆರಂಭಿಸಿದಾಗ ಹಳೆಯ ಏರ್ಪಾಡು ಹೊಸ ವೇಗ ಪಡೆಯಿತು, ಅಷ್ಟೆ. ಆರ್ಡರ್ ಹಾಕುವಾಗ ಹಣ ಕೊಡಬೇಕಿಲ್ಲ ಎಂದರೆ ಮನಸ್ಸು ಬದಲಾಯಿಸುವುದು ಬಹಳ ಸುಲಭ.

ಹಾಗಾದರೆ ಮಾಡುವುದೇನು? ಈ ಭಾಷಣ ಮಾಡುತ್ತಿರುವವಳ ತಂಗಿ ಹುಬ್ಬಳ್ಳಿಯಲ್ಲಿ ಕುಳಿತು ಗುಳೇದಗುಡ್ಡದ ಖಣ ಮಾರುತ್ತಾಳೆ. ಪಾರ್ಸೆಲ್ ಕಟ್ಟುವ ಮುನ್ನಾದಿನ ಸಂಜೆ ಪ್ರತಿ ಗಿರಾಕಿಗೂ ಅವಳದೊಂದು ಫೋನು: “ಅಕ್ಕಾರ, ನಾಳೆ ಪಾರ್ಸಲ್ ಕಳಸ್ತೀನ್ರಿ. ಬಣ್ಣ, ವಿಳಾಸ ಎಲ್ಲಾ ಸರಿ ಐತಲ್ರಿ? ಬ್ಯಾಡ ಅನ್ನೂದಿದ್ರ ಈಗ ಹೇಳಿಬಿಡ್ರಿ, ನಮಗೇನೂ ಬ್ಯಾಸರಿಲ್ಲ.” ಹೀಗೆ ಕೇಳಿದರೆ ಇದ್ದ ಗಿರಾಕಿಯೂ ಹೋಗುತ್ತಾರೆ ಎಂದು ಹೆದರುವವರಿದ್ದಾರೆ. ಹೋಗುವವರು ಹೇಗೂ ಹೋಗುವವರೇ. ಅವರು ಇಂದು ಫೋನಿನಲ್ಲೇ ಹೋದರೆ 205 ರೂಪಾಯಿ ಉಳಿಯಿತು. ಫೋನ್ ಎತ್ತದವರಿಗೆ ಕ್ಯಾಶ್ ಆನ್ ಡೆಲಿವರಿಯಲ್ಲಿ ಸರಕು ಕಳಿಸಲೇಬಾರದು. ಇದನ್ನು ಮತ್ತೆ ಹೇಳಬೇಕು: ಫೋನ್ ಎತ್ತಿಲ್ಲ, ಸಂದೇಶಕ್ಕೆ ಉತ್ತರವಿಲ್ಲ, ಆದರೂ ‘ನೋಡೋಣ’ ಎಂದು ಕಳಿಸಿದ ಪಾರ್ಸೆಲ್ಲೇ ಸಾಮಾನ್ಯವಾಗಿ ತಿರುಗಿ ಬರುವುದು.

ಎರಡನೆಯ ಉಪಾಯ ಮುಂಗಡ. ಪೂರ್ತಿ ಹಣ ಮೊದಲೇ ಕೊಡಿ ಎಂದರೆ ಅಪರಿಚಿತರು ಹಿಂಜರಿಯುವುದು ಸಹಜ. ಕೊರಿಯರ್ ಖರ್ಚಿನಷ್ಟನ್ನು ಯುಪಿಐನಲ್ಲಿ ಮೊದಲು ಪಡೆದು, ಉಳಿದದ್ದನ್ನು ಸಾಮಾನು ತಲುಪಿದಾಗ ಪಡೆಯಬಹುದು. ನೂರು ರೂಪಾಯಿ ಕೊಟ್ಟವರು ಬಾಗಿಲಲ್ಲಿ ಪಾರ್ಸೆಲ್ ನಿರಾಕರಿಸುವ ಮುನ್ನ ಯೋಚಿಸುತ್ತಾರೆ. ಕಸೂತಿ ಹಾಕಿಸಬೇಕಾದ ಸೀರೆ, ಹೆಸರು ಕೆತ್ತಬೇಕಾದ ಗೊಂಬೆಯಂಥವನ್ನು ಇನ್ನೊಬ್ಬರಿಗೆ ಮಾರಲಾಗದು. ಅಲ್ಲಿ ಮುಂಗಡ ದೊಡ್ಡದಿರಬೇಕು, ಕೆಲಸ ಶುರುವಾದ ಮೇಲೆ ರದ್ದು ಮಾಡಿದರೆ ಎಷ್ಟು ಮುರಿದುಕೊಳ್ಳುತ್ತೇವೆ ಎಂಬುದನ್ನು ಮೊದಲೇ ಬರೆದು ತಿಳಿಸಿರಬೇಕು.

ಕಾನೂನಿನ ವಿಷಯದಲ್ಲಿ ಎರಡೂ ಕಡೆಯವರ ನಂಬಿಕೆಗಳು ತಪ್ಪು. ಏಳು ದಿನದೊಳಗೆ ಏನನ್ನು ಬೇಕಾದರೂ ಮರಳಿಸುವ ಹಕ್ಕು ಇದೆ ಎಂದು ಗಿರಾಕಿಗಳು ವಾದಿಸುತ್ತಾರೆ. ಬರೀ ಮನಸ್ಸು ಬದಲಾದ ಕಾರಣಕ್ಕೆ ಆನ್‌ಲೈನ್ ಖರೀದಿಯನ್ನು ಮರಳಿಸುವ ಸಾರ್ವತ್ರಿಕ ಹಕ್ಕು ಯುರೋಪಿನ ಒಕ್ಕೂಟದಲ್ಲಿ 14 ದಿನಗಳ ಮಟ್ಟಿಗೆ ಇದೆ, ಭಾರತದಲ್ಲಿ ಇಲ್ಲ. ಇಲ್ಲಿ ಅದು ಮಾರುವವರು ತಾವೇ ಕೊಟ್ಟ ಭರವಸೆ. ಇನ್ನು ಮಾರುವವರು ‘ಒಮ್ಮೆ ಮಾರಿದ ಸಾಮಾನು ವಾಪಸ್ ಇಲ್ಲ’ ಎಂದು ಬರೆದುಕೊಂಡು ನಿಶ್ಚಿಂತರಾಗಿರುತ್ತಾರೆ. ಆ ಬರಹಕ್ಕೆ ಬೆಲೆಯಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ನಕಲಿಯಾದ, ವಿವರಣೆಗೆ ಹೊಂದದ ಅಥವಾ ಹೇಳಿದ ದಿನ ಮೀರಿ ತಡವಾಗಿ ಬಂದ ಸಾಮಾನನ್ನು ಹಿಂದಕ್ಕೆ ಪಡೆಯುವುದಿಲ್ಲ ಎನ್ನುವಂತಿಲ್ಲ. ಫೋಟೋದಲ್ಲಿ ಕುಂಕುಮ ಬಣ್ಣ, ಕೈಗೆ ಬಂದದ್ದು ಇಟ್ಟಿಗೆ ಬಣ್ಣ ಎಂದಾದರೆ ಗಿರಾಕಿಯನ್ನು ದೂರುವುದು ಅನ್ಯಾಯ. ಇಂಥ ಎಷ್ಟೋ ರದ್ದತಿಗಳು ಫೋಟೋ ತೆಗೆದ ದಿನವೇ ನಿಶ್ಚಯವಾಗಿರುತ್ತವೆ. ಬೆಳಗಿನ ಬೆಳಕಿನಲ್ಲಿ ತೆಗೆದ ಒಂದು ಫೋಟೋ, ಸೆರಗಿನ ಒಂದು ಫೋಟೋ, ಅಳತೆ ಇಷ್ಟು ಹಾಕುವುದು ದೊಡ್ಡ ಕೆಲಸವಲ್ಲ.

ಅಮೆಜಾನ್‌ನಂಥ ತಾಣಗಳಲ್ಲಿ ಮಾರುವವರಿಗೆ ಒಂದೇ ಎಚ್ಚರಿಕೆ. ಗಿರಾಕಿ ಕೇಳಿ ರದ್ದು ಮಾಡಿಸಿದ್ದರೆ ಕಾರಣದ ಜಾಗದಲ್ಲಿ ಅದನ್ನೇ ಆರಿಸಬೇಕು, ಅದೂ ಅವರು ತಾಣದ ಮೂಲಕವೇ ಕೇಳಿರಬೇಕು. ಅವಸರದಲ್ಲಿ ‘ಸರಕು ಇಲ್ಲ’ ಎಂದು ಒತ್ತಿದರೆ ಆ ತಪ್ಪು ಮಾರಿದವರ ಖಾತೆಗೆ ಬೀಳುತ್ತದೆ.

ಹಣ ಹಿಂದಿರುಗಿಸುವಾಗ ಮೊದಲು ಬ್ಯಾಂಕ್ ಖಾತೆಯಲ್ಲಿ ಆ ಹಣ ನಿಜಕ್ಕೂ ಬಂದಿದೆಯೇ ನೋಡಬೇಕು. ಪಾವತಿಯ ಸ್ಕ್ರೀನ್‌ಶಾಟ್ ಸಾಕ್ಷಿಯಲ್ಲ. ನಕಲಿ ಸ್ಕ್ರೀನ್‌ಶಾಟ್ ಕಳಿಸಿ, ಅರ್ಧ ಗಂಟೆಯಲ್ಲಿ ಆರ್ಡರ್ ರದ್ದು ಮಾಡಿ, ‘ತುರ್ತಾಗಿ ಈ ಇನ್ನೊಂದು ನಂಬರಿಗೆ ವಾಪಸ್ ಹಾಕಿ’ ಎನ್ನುವ ವಂಚನೆ ಚಾಲ್ತಿಯಲ್ಲಿದೆ. ಹಣ ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಹೋಗಬೇಕು, ಬೇರೆ ನಂಬರಿಗೆ ಬೇಡವೇ ಬೇಡ. ಮೋಸ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡಮಾಡಿದಷ್ಟೂ ಹಣ ಕೈತಪ್ಪುತ್ತದೆ. ಜಿಎಸ್‌ಟಿ ಬಿಲ್ ಕೊಟ್ಟ ಮೇಲೆ ಸಾಮಾನು ವಾಪಸ್ ಬಂದಿದ್ದರೆ ಕ್ರೆಡಿಟ್ ನೋಟ್ ಬರೆದಿಡುವುದನ್ನೂ ಮರೆಯಬಾರದು. ಅದಿಲ್ಲದಿದ್ದರೆ ಆಗದ ವ್ಯಾಪಾರಕ್ಕೂ ತೆರಿಗೆಯ ಹೊರೆ ಮಾರಿದವರ ಮೇಲೆಯೇ ಉಳಿಯುತ್ತದೆ.