ಆರು ರನ್, 46 ದಿನ

ಆರು ರನ್ ಸ್ವಾಮಿ, ಬರೀ ಆರು ರನ್. 2025ರ ಆಗಸ್ಟ್ 4, ಸೋಮವಾರ, ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ ಇಂಗ್ಲೆಂಡನ್ನು ಸೋಲಿಸಿದ ಅಂತರ ಇಷ್ಟೇ. 1932ರಿಂದ ಟೆಸ್ಟ್ ಆಡ್ತಾ ಇದೀವಿ. ರನ್ ಲೆಕ್ಕದಲ್ಲಿ ಇಷ್ಟು ಸಣ್ಣ ಅಂತರದ ಗೆಲುವು ನಮಗೆ ಯಾವತ್ತೂ ಸಿಕ್ಕಿರಲಿಲ್ಲ. ಇದಕ್ಕೆ ಮುಂಚಿನ ದಾಖಲೆ 13 ರನ್. 2004ರಲ್ಲಿ, ಮುಂಬೈಯಲ್ಲಿ, ಆಸ್ಟ್ರೇಲಿಯಾ ವಿರುದ್ಧ.

ಮಾರನೇ ದಿನ ಪತ್ರಿಕೆ ಬಿಡಿಸಿದರೆ, ಮೊಬೈಲ್ ಮುಟ್ಟಿದರೆ ಒಂದೇ ಹೆಸರು. ಮೊಹಮ್ಮದ್ ಸಿರಾಜ್. ಸಿಗಲೇಬೇಕಾದ ಹೊಗಳಿಕೆ, ಸಿಗಲಿ. ಆದರೆ ನಾನು ಇವತ್ತು ಮಾತಾಡಬೇಕು ಅಂದುಕೊಂಡಿರೋದು ಸೋಮವಾರದ ಸಿರಾಜ್ ಬಗ್ಗೆ ಅಲ್ಲ, ಭಾನುವಾರದ ಸಿರಾಜ್ ಬಗ್ಗೆ. ಅಭಿಮಾನಿಯ ಸಲುಗೆಯಿಂದ ಆಟಗಾರರನ್ನ ಏಕವಚನದಲ್ಲೇ ಕರೀತೀನಿ. ನಿಮ್ಮ ಮನೆಯ ಹಾಲ್‌ನಲ್ಲಿ ನೀವೂ ಹಾಗೇ ಕರೆಯೋದು ಅಲ್ವಾ?

ಭಾನುವಾರ ಏನಾಯ್ತು ನೆನಪಿಸಿಕೊಳ್ಳಿ. ಇಂಗ್ಲೆಂಡ್ ಗೆಲ್ಲೋಕೆ 374 ರನ್ ಬೇಕು. ಹ್ಯಾರಿ ಬ್ರೂಕ್ 19 ರನ್ ಗಳಿಸಿ ಆಡ್ತಿದ್ದಾನೆ. ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣನ ಎಸೆತ. ಬ್ರೂಕ್ ಎತ್ತಿ ಹೊಡೆದ. ಚೆಂಡು ನೇರವಾಗಿ ಬೌಂಡರಿ ಬಳಿ ನಿಂತಿದ್ದ ಸಿರಾಜ್ ಕೈಗೆ ಹೋಯ್ತು. ಕ್ಯಾಚ್ ಹಿಡಿದ. ಪ್ರಸಿದ್ಧ್ ಆಗಲೇ ಕೈ ಎತ್ತಿ ಸಂಭ್ರಮಿಸ್ತಿದ್ದ. ಅಷ್ಟರಲ್ಲಿ ಸಿರಾಜ್ ಕಾಲು ಹಿಂದಕ್ಕೆ ಹೋಗಿ ಬೌಂಡರಿ ಹಗ್ಗಕ್ಕೆ ತಗುಲಿತು. ಔಟ್ ಆಗಬೇಕಾದವನಿಗೆ ಸಿಕ್ಸರ್ ಸಿಕ್ತು. ಆ ಬ್ರೂಕ್ ಆಮೇಲೆ 111 ಹೊಡೆದ. ಜೋ ರೂಟ್ 105 ಹೊಡೆದ. ಸ್ಕೋರು ಮೂರು ವಿಕೆಟ್‌ಗೆ 300 ದಾಟಿತು.

ಆ ಎರಡು ಮೂರು ತಾಸು ಸಿರಾಜ್‌ಗೆ ಬಿದ್ದ ಬೈಗುಳ ನೀವು ನೋಡಿದ್ದೀರಿ. "ಮ್ಯಾಚ್ ಕಳೆದ", "ಇವನನ್ನ ಮೊದಲು ಕಿತ್ತುಹಾಕಿ", ಇವೆಲ್ಲ ಮರ್ಯಾದೆಯ ಮಾತುಗಳು. ಉಳಿದವನ್ನ ಟಿವಿಯಲ್ಲಿ ಹೇಳೋಕೆ ಆಗಲ್ಲ. ಒಂದು ಹೆಜ್ಜೆ, ಬರೀ ಒಂದು ಹೆಜ್ಜೆ ಹಿಂದೆ ಇಟ್ಟಿದ್ದಕ್ಕೆ ಒಬ್ಬ ಮನುಷ್ಯನ ಪೂರ್ತಿ ಬದುಕಿನ ಮೇಲೆ ಷರಾ ಬರೆದುಬಿಟ್ಟರು.

ಯಾರ ಬಗ್ಗೆ ಈ ಷರಾ? ಹೈದರಾಬಾದಿನ ಆಟೋ ಚಾಲಕರೊಬ್ಬರ ಮಗನ ಬಗ್ಗೆ. 2020ರ ನವೆಂಬರ್‌ನಲ್ಲಿ ತಂದೆ ತೀರಿಹೋದಾಗ ಇವನು ಆಸ್ಟ್ರೇಲಿಯಾದಲ್ಲಿದ್ದ. ಮನೆಗೆ ಬರದೆ ತಂಡದ ಜೊತೆ ಉಳಿದ, ಅದೇ ಪ್ರವಾಸದಲ್ಲಿ ಮೊದಲ ಟೆಸ್ಟ್ ಆಡಿದ. ವರ್ಷಗಟ್ಟಲೆ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಬಟ್ಟೆ ತೊಟ್ಟು ಓಡಿದವನು. ಈ ಇಂಗ್ಲೆಂಡ್ ಸರಣಿಯಲ್ಲಿ ಐದಕ್ಕೆ ಐದೂ ಟೆಸ್ಟ್ ಆಡಿದ ಭಾರತದ ಏಕೈಕ ವೇಗಿ ಇವನು. ಬುಮ್ರಾ ಆಡಿದ್ದು ಮೂರು. ಸಿರಾಜ್ 185 ಓವರ್‌ಗೂ ಹೆಚ್ಚು ಎಸೆದ. ಅಂದ್ರೆ ಸಾವಿರದ ನೂರಕ್ಕೂ ಹೆಚ್ಚು ಸಲ ಓಡಿ ಬಂದ. ಅಷ್ಟು ಓಟದಲ್ಲಿ ನಮಗೆ ಕಂಡಿದ್ದು ಆ ಒಂದು ಹೆಜ್ಜೆ.

ಇನ್ನು ಸೋಮವಾರಕ್ಕೆ ಬನ್ನಿ. ಇಂಗ್ಲೆಂಡ್‌ಗೆ ಬೇಕಾಗಿದ್ದು 35 ರನ್, ನಮಗೆ ನಾಲ್ಕು ವಿಕೆಟ್. ಇಂಗ್ಲೆಂಡ್ ಟೆಸ್ಟ್ ಅಂದ್ರೆ ನಮಗೆ ಮಧ್ಯಾಹ್ನ ಮೂರೂವರೆಗೆ ಶುರು. ಅವರ ಊಟದ ವಿರಾಮ ನಮ್ಮ ಸಂಜೆ ಕಾಫಿ ಹೊತ್ತು, ಅವರ ಟೀ ವಿರಾಮ ನಮ್ಮ ರಾತ್ರಿ ಊಟದ ಹೊತ್ತು. ನಮ್ಮಂಥ ಸುದ್ದಿ ಓದೋರಿಗೆ ಕೊನೆಯ ಸೆಷನ್ ಸರಿಯಾಗಿ ಪ್ರೈಮ್ ಟೈಮಿಗೇ ಬಂದು ಕೂರುತ್ತೆ. ಅವತ್ತು ಮಾತ್ರ ಕಾಫಿ ಹೊತ್ತಿಗೆ ಮುಂಚೆಯೇ ಎಲ್ಲ ಮುಗೀತು. ನ್ಯೂಸ್‌ರೂಮಿನಲ್ಲಿ ಯಾರೂ ಕೂತಿರಲಿಲ್ಲ, ನಾನೂ ಕೂತಿರಲಿಲ್ಲ.

ಮೊದಲ ಎರಡು ಎಸೆತಕ್ಕೇ ಎರಡು ಬೌಂಡರಿ ಹೋಯ್ತು. ಮತ್ತೆ ಮೊಬೈಲುಗಳು ಟಿಣ್ ಟಿಣ್ ಅಂದವು. ಆಮೇಲೆ ಸಿರಾಜ್ ಬಂದ. ಜೇಮಿ ಸ್ಮಿತ್ ಔಟ್. ಓವರ್ಟನ್ ಎಲ್‌ಬಿಡಬ್ಲ್ಯೂ. ಪ್ರಸಿದ್ಧ್ ಎಸೆತಕ್ಕೆ ಟಂಗ್ ಬೌಲ್ಡ್. ಕೊನೆಗೆ ಆಟ್ಕಿನ್ಸನ್ನನ ಸ್ಟಂಪ್ ಕಿತ್ತ ಯಾರ್ಕರ್, ಅದೂ ಸಿರಾಜ್‌ದೇ. 367ಕ್ಕೆ ಆಲೌಟ್. ಇನಿಂಗ್ಸ್‌ನಲ್ಲಿ ಐದು, ಪಂದ್ಯದಲ್ಲಿ ಒಂಬತ್ತು, ಸರಣಿಯಲ್ಲಿ 23 ವಿಕೆಟ್. ಭಾನುವಾರ ಬೈದ ಬೆರಳುಗಳೇ ಸೋಮವಾರ ಹೃದಯದ ಚಿಹ್ನೆ ಒತ್ತಿದವು.

ನಾನು ಕೇಳೋದು ಇಷ್ಟೇ. ಆ ಒಂದು ರಾತ್ರಿ ಕಾಯೋದಕ್ಕೆ ಏನು ಕಷ್ಟ ಇತ್ತು?

ಇದು ಸಿರಾಜ್ ಒಬ್ಬನ ಕಥೆ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಪೂರ್ತಿ ಸರಣಿ ತೆಗೆದು ನೋಡಿ. ಜೂನ್ 20ಕ್ಕೆ ಲೀಡ್ಸ್‌ನಲ್ಲಿ ಶುರುವಾಯ್ತು. ರೋಹಿತ್ ಇಲ್ಲ, ವಿರಾಟ್ ಇಲ್ಲ, ಇಬ್ಬರೂ ಮೇ ತಿಂಗಳಲ್ಲೇ ಟೆಸ್ಟಿಗೆ ವಿದಾಯ ಹೇಳಿದ್ದರು. ನಾಯಕ 25 ವರ್ಷದ ಶುಭಮನ್ ಗಿಲ್. ಆ ಪಂದ್ಯದಲ್ಲಿ ಭಾರತದ ಕಡೆಯಿಂದ ಐದು ಶತಕ ಬಂತು. ಐದು! ಆದರೂ ಸೋತೆವು. 371 ರನ್ ಬೆನ್ನಟ್ಟಿ ಇಂಗ್ಲೆಂಡ್ ಐದು ವಿಕೆಟ್‌ನಿಂದ ಗೆದ್ದಿತು. ಐದು ಶತಕ ಹೊಡೆದೂ ಸೋತ ತಂಡ ಟೆಸ್ಟ್ ಇತಿಹಾಸದಲ್ಲೇ ಇರಲಿಲ್ಲ. ಅವತ್ತು ಬಂದ ತೀರ್ಪು ಏನು? "5-0 ಆಗುತ್ತೆ." ಪ್ರಸಿದ್ಧ್ ಎರಡೂ ಇನಿಂಗ್ಸ್‌ನಲ್ಲಿ ಓವರಿಗೆ ಆರಕ್ಕೂ ಹೆಚ್ಚು ರನ್ ಕೊಟ್ಟಿದ್ದ. "ಇವನು ಟೆಸ್ಟ್ ಬೌಲರೇ ಅಲ್ಲ" ಅಂದರು. ಜೈಸ್ವಾಲ್ ಕ್ಯಾಚ್ ಮೇಲೆ ಕ್ಯಾಚ್ ಬಿಟ್ಟಿದ್ದ. ಅವನಿಗೂ ಆಯ್ತು ಮಂಗಳಾರತಿ.

ಮುಂದಿನ ಪಂದ್ಯ ಎಜ್‌ಬಾಸ್ಟನ್. ಭಾರತ ಅಲ್ಲಿ ಯಾವತ್ತೂ ಟೆಸ್ಟ್ ಗೆದ್ದಿರಲಿಲ್ಲ. ಗಿಲ್ 269, ಮತ್ತೆ 161. ಆಕಾಶ್ ದೀಪ್ ಹತ್ತು ವಿಕೆಟ್. ಗೆಲುವಿನ ಅಂತರ 336 ರನ್. ಅದೂ ಬುಮ್ರಾ ಇಲ್ಲದೆ. ಆಮೇಲೆ ಲಾರ್ಡ್ಸ್. 193 ರನ್ ಬೇಕಿತ್ತು, 170ಕ್ಕೆ ಮುಗಿದೆವು. ಜಡೇಜ 61 ಹೊಡೆದು ಕೊನೆಯವರೆಗೂ ನಿಂತಿದ್ದ. ಹನ್ನೊಂದನೆಯವನಾಗಿ ಬಂದ ಸಿರಾಜ್ 30 ಎಸೆತ ತಡೆದ. ಬಷೀರ್ ಎಸೆದ ಚೆಂಡು ಇವನ ಬ್ಯಾಟಿನ ನಡುವಿಗೇ ಬಿತ್ತು, ಕೆಳಗೆ ಪುಟಿದು ಹಿಂದಕ್ಕೆ ಉರುಳಿ ಸ್ಟಂಪಿಗೆ ತಾಗಿತು, ಒಂದು ಬೇಲ್ ಬಿತ್ತು. 22 ರನ್ ಸೋಲು. ಸಿರಾಜ್ ಅಲ್ಲೇ ಕುಸಿದು ಕೂತ. ಇಂಗ್ಲೆಂಡ್ ಆಟಗಾರರೇ ಬಂದು ಸಮಾಧಾನ ಮಾಡಿದರು. ಅದಾದ ಮೂರು ವಾರಕ್ಕೆ ಓವಲ್‌ನಲ್ಲಿ ಕೊನೆಯ ಸ್ಟಂಪ್ ಕಿತ್ತವನು ಇವನೇ.

ಮ್ಯಾಂಚೆಸ್ಟರ್ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತೆ. ಇಂಗ್ಲೆಂಡ್ 669. ನಾವು 311 ರನ್ ಹಿಂದೆ. ಎರಡನೇ ಇನಿಂಗ್ಸ್‌ನ ಮೊದಲ ಓವರಿನಲ್ಲೇ ಸೊನ್ನೆಗೆ ಎರಡು ವಿಕೆಟ್. ಅವತ್ತು ಎಷ್ಟು ಜನ ಟಿವಿ ಆಫ್ ಮಾಡಿದ್ರೋ! ಆದರೆ ನಮ್ಮ ಮಂಗಳೂರಿನ ಹುಡುಗ ಕೆ.ಎಲ್. ರಾಹುಲ್ ಆಫ್ ಆಗಲಿಲ್ಲ. 90 ರನ್, ಗಿಲ್ ಜೊತೆ 188ರ ಜೊತೆಯಾಟ. ಸರಣಿಯಲ್ಲಿ ರಾಹುಲ್ 532 ರನ್, ಎರಡು ಶತಕ. ಆಮೇಲೆ ಜಡೇಜ, ವಾಷಿಂಗ್ಟನ್ ಸುಂದರ್ ಇಬ್ಬರೂ ಶತಕ ಹೊಡೆದು ಔಟಾಗದೆ ಉಳಿದರು. ಪಂದ್ಯ ಡ್ರಾ. ಅಲ್ಲಿ ಡ್ರಾ ಆಗಿದ್ದಕ್ಕೇ ಓವಲ್‌ನಲ್ಲಿ 2-2 ಆಯ್ತು ಅನ್ನೋದನ್ನ ಮರೀಬೇಡಿ.

ಅದೇ ಮ್ಯಾಂಚೆಸ್ಟರ್‌ನಲ್ಲಿ ಕ್ರಿಸ್ ವೋಕ್ಸ್ ಎಸೆತಕ್ಕೆ ರಿಷಭ್ ಪಂತ್ ಪಾದದ ಮೂಳೆ ಮುರೀತು. ಮಾರನೇ ದಿನ ಕುಂಟಿಕೊಂಡು ಬಂದು ಬ್ಯಾಟ್ ಹಿಡಿದ. ಓವಲ್‌ನ ಮೊದಲ ದಿನ ಅದೇ ವೋಕ್ಸ್ ಚೆಂಡು ತಡೆಯೋಕೆ ಹೋಗಿ ಬಿದ್ದು ಭುಜ ಜಾರಿಸಿಕೊಂಡ. ಕೊನೆಯ ದಿನ ಹನ್ನೊಂದನೆಯವನಾಗಿ ಬಂದ. ಒಂದು ಕೈಗೆ ಜೋಳಿಗೆ, ಅದು ಸ್ವೆಟರ್ ಒಳಗೆ. ಇನ್ನೊಂದು ಕೈಯಲ್ಲಿ ಬ್ಯಾಟು. ಒಂದೂ ಎಸೆತ ಎದುರಿಸಲಿಲ್ಲ, ರನ್ ಓಡುವಾಗ ನೋವಿಗೆ ಮುಖ ಹಿಂಡಿದ. ಓವಲ್ ಪೂರ್ತಿ ಎದ್ದು ಚಪ್ಪಾಳೆ ತಟ್ಟಿತು.

ವೋಕ್ಸ್ ಬಿದ್ದ ಆ ಕ್ಷಣದ ಇನ್ನೊಂದು ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತೇ ಆಗಲಿಲ್ಲ. ಆ ಚೆಂಡು ಹೊಡೆದವನು ನಮ್ಮ ಕರುಣ್ ನಾಯರ್. ಮೂರು ರನ್ ಓಡಿ ಆಗಿತ್ತು. ನಾಲ್ಕನೆಯದು ಸಲೀಸಾಗಿ ಸಿಗ್ತಿತ್ತು. ಎದುರಾಳಿ ನೆಲದ ಮೇಲೆ ಹೊರಳಾಡ್ತಿರೋದು ನೋಡಿ ಕರುಣ್ ಓಡಲಿಲ್ಲ. ಕೊನೆಗೆ ಆರೇ ರನ್ನಿನಲ್ಲಿ ತೀರ್ಮಾನ ಆದ ಪಂದ್ಯ ಇದು. ಒಂದು ರನ್ನಿಗೆ ಎಷ್ಟು ಬೆಲೆ ಇತ್ತು ಲೆಕ್ಕ ಹಾಕಿ.

ಕರುಣ್ ವಿಷಯಕ್ಕೆ ಬಂದರೆ ನನ್ನ ವಾದಕ್ಕೆ ಒಂದು ತೊಡಕಿದೆ. ಅದನ್ನ ಮುಚ್ಚಿಡಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇದೇ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಸೆಹ್ವಾಗ್ ಬಿಟ್ಟರೆ ತ್ರಿಶತಕ ಹೊಡೆದ ಭಾರತೀಯ ಇವನೊಬ್ಬನೇ. ಮುಂದಿನ ವರ್ಷವೇ ತಂಡದಿಂದ ಹೊರಗೆ. ಕರ್ನಾಟಕ ತಂಡದಲ್ಲೂ ಜಾಗ ಉಳಿಯಲಿಲ್ಲ, ವಿದರ್ಭಕ್ಕೆ ಹೋಗಿ ರಾಶಿ ರಾಶಿ ರನ್ ಗಳಿಸಿ, ಎಂಟು ವರ್ಷದ ಮೇಲೆ ವಾಪಸ್ ಬಂದ. ಸಿನಿಮಾ ಆಗಿದ್ದರೆ ಇಲ್ಲಿ ದ್ವಿಶತಕ ಹೊಡೀಬೇಕಿತ್ತು. ಹೊಡೀಲಿಲ್ಲ. ನಾಲ್ಕು ಟೆಸ್ಟ್, 205 ರನ್, ಒಂದೇ ಅರ್ಧಶತಕ. ಮ್ಯಾಂಚೆಸ್ಟರ್‌ನಲ್ಲಿ ಹೊರಗೆ ಕೂರಿಸಿದರು.

ಅಂದ್ರೆ, ಕಾದವರಿಗೆಲ್ಲ ಸೋಮವಾರ ಬರುತ್ತೆ ಅಂತ ಇಲ್ಲ. ಹಾಗಾಗಿ ಟೀಕೆ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ರನ್ ಬರದಿದ್ದರೆ ಬರಲಿಲ್ಲ ಅನ್ನಿ. ಆಯ್ಕೆ ಸಮಿತಿ ಲೆಕ್ಕ ನೋಡಿಯೇ ತೀರ್ಮಾನಿಸಬೇಕು. ಆದರೆ ಓವಲ್‌ನ ಮೊದಲ ಇನಿಂಗ್ಸ್‌ನಲ್ಲಿ, ಹಸಿರು ಪಿಚ್ಚಿನ ಮೇಲೆ, ಉಳಿದವರು ಒಬ್ಬೊಬ್ಬರಾಗಿ ಹೋಗ್ತಿದ್ದಾಗ ಇದೇ ಕರುಣ್ ಹೊಡೆದ 57 ಇಲ್ಲದಿದ್ದರೆ ನಮ್ಮ 224 ಎಲ್ಲಿರ್ತಿತ್ತು? ಆ ಆರು ರನ್ ಎಲ್ಲಿರ್ತಿತ್ತು? ಲೆಕ್ಕ ಹಾಕೋದಾದರೆ ಪೂರ್ತಿ ಹಾಕಿ, ಅರ್ಧಕ್ಕೆ ನಿಲ್ಲಿಸಬೇಡಿ.

ಇಲ್ಲಿ ಒಂದು ನೋವಿನ ಮಾತು ಹೇಳಲೇಬೇಕು. ಈ ಸರಣಿ ಶುರುವಾಗೋಕೆ 16 ದಿನ ಮುಂಚೆ, ಜೂನ್ 4ಕ್ಕೆ, ನಮ್ಮ ಬೆಂಗಳೂರಿನಲ್ಲಿ ಏನಾಯ್ತು ಅಂತ ನಿಮಗೆ ಗೊತ್ತು. 18 ವರ್ಷ ಕಾದ ಮೇಲೆ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತು. ಮಾರನೇ ದಿನವೇ ಸಂಭ್ರಮ ಅಂದರು. ಚಿನ್ನಸ್ವಾಮಿ ಗೇಟಿನ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಆಟ ನೋಡೋಕೆ ಬಂದ ಮಕ್ಕಳು ಮನೆಗೆ ಹೆಣವಾಗಿ ಹೋದರು. ಅಭಿಮಾನಿಗಳಿಗೆ ತಾಳ್ಮೆ ಇಲ್ಲ ಅಂತ ಆಮೇಲೆ ಕೆಲವರು ಮಾತಾಡಿದರು. ನಾನು ಒಪ್ಪಲ್ಲ. 18 ವರ್ಷ ಕಾದವರಿಗೆ ಇನ್ನೊಂದು ವಾರ ಕಾಯೋದು ಕಷ್ಟವಾಗ್ತಿತ್ತಾ? ಖಂಡಿತ ಕಾಯ್ತಿದ್ದರು. ಆತುರ ಅವರದ್ದಲ್ಲ. ಎಲ್ಲವೂ ಇವತ್ತೇ, ಈಗಲೇ, ಕ್ಯಾಮೆರಾ ಮುಂದೆಯೇ ಆಗಬೇಕು ಅನ್ನೋ ಆತುರ ಈ ಕಾಲದ್ದು. ಅದರಲ್ಲಿ ನಾವು ಟಿವಿಯವರಿದ್ದೀವಿ, ಮೊಬೈಲ್ ಹಿಡಿದ ನೀವೂ ಇದ್ದೀರಿ.

ನಮ್ಮ ಟಿವಿ ಭಾಷೆಯನ್ನೇ ನೋಡಿ. ಬ್ರೇಕಿಂಗ್, ಫ್ಲ್ಯಾಶ್, ಕ್ಷಣ ಕ್ಷಣದ ಅಪ್‌ಡೇಟ್. ಒಬ್ಬ ಮಂತ್ರಿ ಇರಲಿ, ಒಬ್ಬ ನಟ ಇರಲಿ, ಪರೀಕ್ಷೆಯಲ್ಲಿ ಫೇಲಾದ ಪಕ್ಕದ ಮನೆ ಹುಡುಗ ಇರಲಿ, ರಾತ್ರಿ ಒಂಬತ್ತಕ್ಕೆ ಮುಂಚೆ ತೀರ್ಪು ಬೇಕು. ಟೆಸ್ಟ್ ಕ್ರಿಕೆಟ್ ಆ ತೀರ್ಪನ್ನ ಕೊಡಲ್ಲ. ಐದು ದಿನ ಕೂತು ನೋಡು ಅನ್ನುತ್ತೆ. ಈ ಸರಣಿಯ ಐದೂ ಪಂದ್ಯ ಐದನೇ ದಿನಕ್ಕೆ ಹೋದವು. ಜೂನ್ 20ರಿಂದ ಆಗಸ್ಟ್ 4ರವರೆಗೆ 46 ದಿನ. ಲೀಡ್ಸ್‌ನಲ್ಲಿ ಟೆಸ್ಟ್ ಬೌಲರೇ ಅಲ್ಲ ಅನ್ನಿಸಿಕೊಂಡ, ನಡುವೆ ಎರಡು ಪಂದ್ಯ ಹೊರಗೆ ಕೂತ ಪ್ರಸಿದ್ಧ್, ಓವಲ್‌ನಲ್ಲಿ ಎಂಟು ವಿಕೆಟ್ ತೆಗೆದ. ಭಾನುವಾರ ಸಂಜೆ ಬೆಥೆಲ್‌ನನ್ನ, ರೂಟ್‌ನನ್ನ ಎಬ್ಬಿಸಿ ಬಾಗಿಲು ತೆರೆದವನು ಅವನೇ. ಕ್ಯಾಚ್ ಬಿಟ್ಟ ಜೈಸ್ವಾಲ್ ಓವಲ್‌ನಲ್ಲಿ 118 ಹೊಡೆದ. ಆಟ ಅವರಿಗೆ ಇನ್ನೊಂದು ಇನಿಂಗ್ಸ್ ಕೊಟ್ಟಿತು, ಅದಕ್ಕೆ.

ನಮ್ಮ ಮನೆಯಲ್ಲಿ, ಆಫೀಸಿನಲ್ಲಿ ನಾವು ಎಷ್ಟು ಜನಕ್ಕೆ ಎರಡನೇ ಇನಿಂಗ್ಸ್ ಕೊಡ್ತೀವಿ?

ಸಿರಾಜ್ ಅವತ್ತು ಒಂದು ವಿಷಯ ಹೇಳಿದ. ಸೋಮವಾರ ಬೆಳಗ್ಗೆ ಬೇಗ ಎದ್ದು, ಫುಟ್‌ಬಾಲ್ ಆಟಗಾರ ರೊನಾಲ್ಡೊನ ಚಿತ್ರ ಇರೋ, "ಬಿಲೀವ್" ಅಂತ ಬರೆದಿರೋ ಒಂದು ಫೋಟೋ ಹುಡುಕಿ ತನ್ನ ಫೋನಿನ ಪರದೆಗೆ ಹಾಕಿಕೊಂಡನಂತೆ. ಯೋಚನೆ ಮಾಡಿ. ಕೋಟಿ ಜನ ಬೈದ ರಾತ್ರಿ ಕಳೆದು ಎದ್ದವನಿಗೆ ಧೈರ್ಯ ಹೇಳೋಕೆ ಒಂದು ವಾಲ್‌ಪೇಪರ್ ಬೇಕಾಯ್ತು. ಆ ಕೆಲಸ ಅಭಿಮಾನಿಗಳು ಅನ್ನಿಸಿಕೊಂಡ ನಮ್ಮದಾಗಿತ್ತು ಅಲ್ವಾ?

ನಮ್ಮಲ್ಲೂ ಟೆಸ್ಟ್ ನಡೀತಾ ಇರುತ್ತೆ. ಮನೆಯಲ್ಲಿ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪೂರ್ತಿ ದಿನ ನೋಡಿ. ಬೇಜಾರಾಗುತ್ತೆ ಅಂತಾರೆ. ಆಗಲಿ, ಎದ್ದು ನೀರು ಕುಡಿದು ಬರಲಿ. ಯಾರಾದರೂ ಕ್ಯಾಚ್ ಬಿಟ್ಟರೆ ಮೊಬೈಲ್ ಎತ್ತಿಕೊಳ್ಳೋಕೆ ಮುಂಚೆ ಆ ಮಗುವಿಗೆ ಒಂದು ಮಾತು ಹೇಳಿ: "ಇರು, ಆಟ ಇನ್ನೂ ಮುಗಿದಿಲ್ಲ."